ಹಳದಿ ಬೆಲ್ಟ್ ಅಂದರೆ ಸೂರ್ಯನೋ, ಮಣ್ಣೋ?

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ಇಲ್ಲೇ ಕರಾಟೆ ಕ್ಲಾಸಿಗೆ ಹೋಗುತ್ತಾಳೆ. ಹೋದ ತಿಂಗಳು ಹಳದಿ ಬೆಲ್ಟ್ ಸಿಕ್ಕಿತು. ಹಳದಿ ಅಂದರೆ ಬೆಳಗಿನ ಸೂರ್ಯ ಎಂದು ಅವಳ ಸರ್ ಹೇಳಿದ್ದಾರಂತೆ. ಶಿರಸಿಯಲ್ಲಿರುವ ನನ್ನ ಅಕ್ಕನ ಮಗ ಟೇಕ್ವಾಂಡೋ ಕಲಿಯುತ್ತಾನೆ. ಅವನು ಹಳದಿ ಅಂದರೆ ಮಣ್ಣು ಅನ್ನುತ್ತಾನೆ. ಹಬ್ಬಕ್ಕೆ ಸೇರಿದಾಗ ಇದೇ ವಿಷಯಕ್ಕೆ ಇಬ್ಬರೂ ಜಗಳ ಆಡಿಕೊಂಡರು. ಯಾರು ಹೇಳಿದ್ದು ಸರಿ? ಕಪ್ಪು ಬೆಲ್ಟ್ ಬರಲು ಎಷ್ಟು ವರ್ಷ ಬೇಕು?
– ಒಬ್ಬ ತಾಯಿ, ಕಾರವಾರ

ಉತ್ತರ: ಇಬ್ಬರೂ ಸರಿ. ನಮ್ಮ ಯಕ್ಷಗಾನದಲ್ಲಿ ಬಡಗು, ತೆಂಕು ಎರಡೂ ಇವೆ. ಬಡಗಿನ ವೇಷ ನೋಡಿ ಬೆಳೆದ ಕಣ್ಣಿನಿಂದ ತೆಂಕಿನ ಕಿರೀಟ ತಪ್ಪು ಅನ್ನಲು ಆಗುವುದಿಲ್ಲ, ಅಲ್ವಾ? ಇದೂ ಹಾಗೆಯೇ.

ನಿಮ್ಮ ಅಕ್ಕನ ಮಗ ಹೇಳಿದ್ದು ಕೊರಿಯಾದಿಂದ ಬಂದ ಮಾತು. ಟೇಕ್ವಾಂಡೋದ ಒಂದು ದೊಡ್ಡ ಪಂಗಡವನ್ನು ಕಟ್ಟಿದವರು ಜನರಲ್ ಚೋಯ್ ಹಾಂಗ್ ಹಿ. ಅವರ ಪದ್ಧತಿಯಲ್ಲಿ ಬಣ್ಣಗಳಿಗೆ ಒಂದು ಗಿಡದ ಕಥೆಯೇ ಇದೆ. ಬಿಳಿ ಅಂದರೆ ಏನೂ ಅರಿಯದ ಮುಗ್ಧತೆ. ಹಳದಿ ಅಂದರೆ ಸಸಿ ಬೇರು ಬಿಡುವ ಮಣ್ಣು. ಹಸಿರು ಅಂದರೆ ಗಿಡದ ಬೆಳವಣಿಗೆ. ನೀಲಿ ಅಂದರೆ ಮರ ತಲೆ ಎತ್ತುವ ಆಕಾಶ. ಕೆಂಪು ಮಾತ್ರ ಎಚ್ಚರಿಕೆ: ಕೈಯಲ್ಲಿ ಶಕ್ತಿ ಬಂದಿದೆ, ಹಿಡಿತ ಇರಲಿ ಎಂದು ಕಲಿಯುವವನಿಗೆ, ದೂರ ನಿಲ್ಲು ಎಂದು ಎದುರಾಳಿಗೆ. ಕಪ್ಪು ಬಿಳಿಗೆ ಪೂರ್ತಿ ಎದುರು. ಕತ್ತಲಿಗೂ ಭಯಕ್ಕೂ ಜಗ್ಗದ ಸ್ಥಿತಿ ಅದು. ನನಗೆ ಇದರಲ್ಲಿ ಕೆಂಪು ಬಹಳ ಇಷ್ಟ. ಕಪ್ಪಿಗೆ ಒಂದು ಮೆಟ್ಟಿಲು ಇರುವಾಗಲೇ ಹುಡುಗರಿಗೆ ಹುಮ್ಮಸ್ಸು ಜಾಸ್ತಿ. ಪೆಟ್ಟು ಆಗುವುದೂ ಆಗಲೇ.

ಕರಾಟೆಯಲ್ಲಿ ಹೀಗೆ ಎಲ್ಲರೂ ಒಪ್ಪಿದ ಒಂದೇ ಅರ್ಥ ಇಲ್ಲ. ಬಣ್ಣಗಳ ಕ್ರಮವೂ ಒಂದೊಂದು ಶೈಲಿಯಲ್ಲಿ ಒಂದೊಂದು ತರಹ. ಮಕ್ಕಳಿಗೆ ಸೂರ್ಯನ ಕಥೆ ಹೇಳುವ ಗುರುಗಳು ಬಹಳ ಮಂದಿ. ನಾನೂ ಹೇಳುತ್ತೇನೆ.

ಆದರೆ ಒಂದು ವಿಷಯ ತಿಳಿದಿರಲಿ. ಬಣ್ಣ ಮೊದಲು ಬಂತು, ಅರ್ಥ ಆಮೇಲೆ ಬಂತು. ಜಪಾನಿನಲ್ಲಿ ಜಿಗೊರೊ ಕಾನೋ ಎಂಬ ಶಿಕ್ಷಕರು 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಎಂಬ ತರಬೇತಿ ಶಾಲೆ ಶುರು ಮಾಡಿದರು. ಜೂಡೋ ಹುಟ್ಟಿದ್ದು ಅಲ್ಲಿ. ಕಲಿತವರ ಮಟ್ಟ ಹೇಳಲು ಅವರು 'ದಾನ್' ಎಂಬ ಪದ್ಧತಿ ತಂದರು. ಅದು ಕಾಳಗದ ಮಾತೇ ಅಲ್ಲ. 'ಗೋ' ಎಂಬ ಮಣೆ ಆಟದಲ್ಲಿ ಆಟಗಾರರ ದರ್ಜೆ ಹೇಳಲು ಹಿಂದಿನಿಂದ ಇದ್ದ ಪದ. 1883ರಲ್ಲಿ ಇಬ್ಬರು ಶಿಷ್ಯರಿಗೆ ಮೊದಲ ದಾನ್ ಸಿಕ್ಕಿತು. ಅವರ ಸೊಂಟದಲ್ಲಿ ಆಗ ಕಪ್ಪು ಬೆಲ್ಟ್ ಇರಲಿಲ್ಲ. ಆ ಗುರುತು ಬಂದದ್ದು ಕೆಲವು ವರ್ಷ ಕಳೆದ ಮೇಲೆ. ಕರಾಟೆ ಇದನ್ನೆಲ್ಲ ಜೂಡೋದಿಂದ ಪಡೆಯಿತು. ಓಕಿನಾವಾ ದ್ವೀಪದ ಕರಾಟೆ ಗುರು ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋಗೆ ಬಂದು, 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಸಲ ದಾನ್ ಕೊಟ್ಟರು.

ಹಳದಿ, ಕಿತ್ತಳೆ, ಹಸಿರು, ನೀಲಿ ಬೆಳೆದದ್ದು ಯುರೋಪಿನಲ್ಲಿ. 1930ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಜೂಡೋ ಕಲಿಸುತ್ತಿದ್ದ ಮಿಕಿನೊಸುಕೆ ಕವಾಯಿಶಿ ಇವನ್ನು ಹಬ್ಬಿಸಿದರು. ಬಿಳಿಯಿಂದ ಕಪ್ಪಿಗೆ ವರ್ಷಗಟ್ಟಲೆ ದಾರಿ. ನಡುವೆ ಏನೂ ಕಾಣದಿದ್ದರೆ ಕಲಿಯುವವರು ಬಿಟ್ಟು ಹೋಗುತ್ತಾರೆ. ಹೆದ್ದಾರಿಯ ಮೈಲಿಗಲ್ಲು ಇದ್ದ ಹಾಗೆ ಈ ಬಣ್ಣಗಳು. ಅಂಕೋಲಾ ಬಂತು, ಕುಮಟಾ ಬಂತು ಅಂದರೆ ಹೊನ್ನಾವರದವರೆಗೆ ಕೂರಲು ಧೈರ್ಯ ಬರುತ್ತದೆ.

ಇದೇ ಕಾರಣಕ್ಕೆ, ಬೆಲ್ಟಿನ ನಿಜವಾದ ಅರ್ಥ ಮಗು ಅದಕ್ಕಾಗಿ ಏನು ಕಲಿತಿದೆ ಎನ್ನುವುದರಲ್ಲಿದೆ ಎಂದು ನಾನು ನಂಬಿದ್ದೇನೆ. ಇವತ್ತು ಸಂಜೆ ಮಗಳನ್ನು ಅಂಗಳದಲ್ಲಿ ನಿಲ್ಲಿಸಿ, 'ತಂಗಿ, ಹಳದಿ ಬೆಲ್ಟಿಗೆ ಏನು ಮಾಡಿ ತೋರಿಸಿದೆ?' ಎಂದು ಕೇಳಿ. ಶೋಟೋಕಾನ್ ಶೈಲಿಯಾದರೆ ಬಹುಶಃ ಹೇಯಾನ್ ಶೋದಾನ್ ಎಂಬ ಕಟಾ, ಅಂದರೆ ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸರಣಿ, ಮಾಡುತ್ತಾಳೆ. 21 ಚಲನೆ. ಅಷ್ಟೂ ಹೊತ್ತು ನಿಂತು ನೋಡಿ, ಫೋನು ಒಳಗಿಡಿ. ಮಕ್ಕಳಿಗೆ ಅದಕ್ಕಿಂತ ದೊಡ್ಡ ಬಹುಮಾನ ಇಲ್ಲ.

ಆ 'ಶೋದಾನ್' ಎಂಬ ಪದವನ್ನು ಗಮನಿಸಿ. ಮೊದಲ ದರ್ಜೆಯ ಕಪ್ಪು ಬೆಲ್ಟಿಗೂ ಜಪಾನಿಯಲ್ಲಿ ಅದೇ ಹೆಸರು. 'ಶೋ' ಅಂದರೆ ಆರಂಭ. ಬಣ್ಣದ ಬೆಲ್ಟುಗಳ ಮಟ್ಟಕ್ಕೆ 'ಕ್ಯೂ' ಎನ್ನುತ್ತಾರೆ. ಅದರ ಎಣಿಕೆ ಹತ್ತು, ಒಂಬತ್ತು, ಎಂಟು ಎಂದು ಇಳಿಯುತ್ತಾ ಒಂದಕ್ಕೆ ಬರುತ್ತದೆ. ಕಪ್ಪು ಬಂದ ಮೇಲೆ ಮತ್ತೆ ಒಂದರಿಂದ ಏರಲು ಶುರು. ಕಪ್ಪು ಬೆಲ್ಟ್ ಸಿಕ್ಕ ಮರುವಾರವೇ ಕ್ಲಾಸು ಬಿಟ್ಟ ಮಕ್ಕಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಕ್ಷರ ಕಲಿತು ಮುಗಿಯಿತು, ಇನ್ನು ಓದಬಹುದು ಎನ್ನುವಾಗ ಪುಸ್ತಕ ಮುಚ್ಚಿದ ಹಾಗೆ ಅದು.

ಎಷ್ಟು ವರ್ಷ ಎಂದು ಕೇಳಿದ್ದೀರಿ. ವಾರಕ್ಕೆ ಎರಡು ಮೂರು ದಿನ ತಪ್ಪದೆ ಹೋದರೆ ನಾಲ್ಕೈದು ವರ್ಷ ಅಂದುಕೊಳ್ಳಿ. ಜಾಸ್ತಿ ಆದರೂ ಬೇಜಾರು ಬೇಡ. ಎರಡೇ ವರ್ಷದಲ್ಲಿ ಕೊಡುತ್ತೇವೆ ಎಂದು ಮೊದಲೇ ಮಾತು ಕೊಡುವ ಕ್ಲಾಸಿನಲ್ಲಿ ಸ್ವಲ್ಪ ವಿಚಾರಿಸಿ ನೋಡಿ. ಒಂದು ಮಗುವೂ ಟೆಸ್ಟಿನಲ್ಲಿ ಫೇಲಾಗದ ಕಡೆ ನಾನಾದರೆ ನನ್ನ ಮಗುವನ್ನು ಸೇರಿಸುವುದಿಲ್ಲ. ಹಳಿಯಾಳದ ಕುಸ್ತಿ ಅಖಾಡದಲ್ಲಿ ಬೆಲ್ಟೇ ಇಲ್ಲ. ಎಲ್ಲರಿಗೂ ಒಂದೇ ಲಂಗೋಟಿ, ಯಾರು ಎಷ್ಟು ಕಲಿತಿದ್ದಾರೆ ಎಂದು ಮಣ್ಣಿನಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ನನ್ನ ಮಗನದು ಹಸಿರು ಬೆಲ್ಟ್. ಟೂರ್ನಮೆಂಟಿನಲ್ಲಿ ಅದನ್ನು ಬಿಚ್ಚಿಸಿ ಕೆಂಪು ಕಟ್ಟಿಸಿದರು. ದರ್ಜೆ ಏರಿಸಿದರಾ?
– ಅಂಕೋಲಾ ಓದುಗರು

ಉತ್ತರ: ಇಲ್ಲ. ಕರಾಟೆ ಸ್ಪರ್ಧೆಯಲ್ಲಿ ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ನೀಲಿ ಕಟ್ಟುತ್ತಾರೆ. ಜಪಾನಿಯಲ್ಲಿ ಅಕಾ, ಅವೋ. ತೀರ್ಪುಗಾರರ ಕೈಯಲ್ಲೂ ಅದೇ ಎರಡು ಬಣ್ಣದ ಬಾವುಟ. ಯಾರಿಗೆ ಪಾಯಿಂಟ್ ಎಂದು ಗೊಂದಲ ಆಗಬಾರದಲ್ಲ, ಅದಕ್ಕೆ. ಮುಗಿದ ಮೇಲೆ ವಾಪಸ್ ಹಸಿರೇ. ಜೂಡೋದಲ್ಲಿ ಮಾತ್ರ ಕೆಂಪು ಬಹಳ ದೊಡ್ಡದು. ಕೊಡೊಕಾನಿನಲ್ಲಿ ಆರರಿಂದ ಎಂಟನೇ ದಾನ್ ತನಕ ಕೆಂಪು-ಬಿಳಿ ಪಟ್ಟಿ, ಒಂಬತ್ತು ಮತ್ತು ಹತ್ತಕ್ಕೆ ಪೂರ್ತಿ ಕೆಂಪು.

ಪ್ರಶ್ನೆ: ಮೊಮ್ಮಗಳ ಬೆಲ್ಟಿಗೆ ಈ ಮಳೆಗಾಲದಲ್ಲಿ ಬೂಷ್ಟು ಹಿಡಿದಿದೆ. ತೊಳೆಯುತ್ತೇನೆ ಅಂದರೆ ಬಿಡುವುದಿಲ್ಲ. ಕಲಿತದ್ದೆಲ್ಲ ಹೋಗುತ್ತದೆ ಅನ್ನುತ್ತಾಳೆ.
– ಒಬ್ಬ ಅಜ್ಜಿ, ಹೊನ್ನಾವರ

ಉತ್ತರ: ಅಮ್ಮಾ, ಧೈರ್ಯವಾಗಿ ತೊಳೆಯಿರಿ. ಈ ನಂಬಿಕೆ ಬಹಳ ಕಡೆ ಇದೆ, ಆದರೆ ಕಲಿತದ್ದು ಇರುವುದು ಮೈಯಲ್ಲಿ, ಬಟ್ಟೆಯಲ್ಲಲ್ಲ. ಮಗುವಿಗೆ ಇದನ್ನೂ ಹೇಳಿ: ಹಲವು ಕಪ್ಪು ಬೆಲ್ಟುಗಳ ಒಳಗೆ ಬಿಳಿ ಹತ್ತಿಯ ಬಟ್ಟೆ ಇರುತ್ತದೆ. ಕಟ್ಟಿ ಕಟ್ಟಿ ವರ್ಷಗಳಾದ ಮೇಲೆ ಮೇಲಿನ ಕಪ್ಪು ಸವೆದು ಒಳಗಿನ ಬಿಳಿ ಕಾಣುತ್ತದೆ. ಅಂಥ ಬೆಲ್ಟ್ ಕಟ್ಟಿದ ಗುರುಗಳನ್ನು ಕಂಡರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಸವೆತ ಬರಬೇಕಾದ್ದು ಅಭ್ಯಾಸದಿಂದ, ಬೂಷ್ಟಿನಿಂದ ಅಲ್ಲ. ತಣ್ಣೀರಿನಲ್ಲಿ ಕೈಯಲ್ಲೇ ತೊಳೆಯಿರಿ. ಬಿಸಿಲು ಇಲ್ಲದಿದ್ದರೆ ಬಚ್ಚಲ ಒಲೆಯ ಹತ್ತಿರ ಹಗ್ಗಕ್ಕೆ ಉದ್ದ ಹಾಕಿ, ಗಂಟು ಬಿಚ್ಚಿರಲಿ. ಬಿಳಿ ಡ್ರೆಸ್ ಜೊತೆ ನೆನೆಸಬೇಡಿ, ಬಣ್ಣ ಬಿಡುತ್ತದೆ.