ವ್ಯಾನಿನಲ್ಲೇ ವಾಸಿಸುತ್ತ ಊರೂರು ಸುತ್ತಲು ಎಂಥ ವಾಹನ ಕೊಳ್ಳಬೇಕು?

ಇಬ್ಬರು ತಿಂಗಳುಗಟ್ಟಲೆ ಅದರಲ್ಲೇ ಉಳಿಯುವುದಾದರೆ, ಒಳಗೆ ನೆಟ್ಟಗೆ ನಿಲ್ಲಲು ಬರುವ ಎತ್ತರದ ಚಾವಣಿಯ ಫೋರ್ಸ್ ಟ್ರಾವೆಲರ್‌ನಂಥ ವಾಹನವೇ ಸರಿ. ವಾರಾಂತ್ಯದ ಸುತ್ತಾಟಕ್ಕೆ ಮಾರುತಿ ಈಕೋ ಸಾಕು. ಆದರೆ ಎತ್ತರಕ್ಕಿಂತ ಮೊದಲು ವಾಹನ ಎಷ್ಟು ಭಾರ ಹೊರಬಲ್ಲದು ಎಂಬುದನ್ನು ನೋಡಬೇಕು. ತಯಾರಕರು ನಿಗದಿಪಡಿಸಿದ ಗರಿಷ್ಠ ಒಟ್ಟು ತೂಕದಲ್ಲಿ ಖಾಲಿ ವಾಹನದ ತೂಕವನ್ನು ಕಳೆದರೆ ಉಳಿಯುವುದಷ್ಟೇ ನಿಮ್ಮ ಪಾಲು, ಮತ್ತು ಅದು ಎಣಿಸಿದ್ದಕ್ಕಿಂತ ಬೇಗ ಮುಗಿಯುತ್ತದೆ: 100 ಲೀಟರ್ ನೀರೆಂದರೆ 100 ಕಿಲೋ, ಅದರ ಮೇಲೆ ಪ್ಲೈವುಡ್ ಮಂಚ, ಬ್ಯಾಟರಿ, ಒಲೆ, ಪಾತ್ರೆ, ಕೊನೆಗೆ ನೀವಿಬ್ಬರು. ಮಿತಿ ಮೀರಿ ತುಂಬಿದ ಗಾಡಿ ಚಾರ್ಮಾಡಿಯಂಥ ಘಾಟಿಯನ್ನು ಇಳಿಯುವಾಗ ಬ್ರೇಕುಗಳು ವಿಪರೀತ ಕಾದು ಹಿಡಿತ ಸಡಿಲವಾಗುವ ಅಪಾಯವಿದೆ. ಈ ವಿಷಯದಲ್ಲಿ ರಾಜಿ ಬೇಡವೆಂದು ಕಳಕಳಿಯಿಂದ ಹೇಳುತ್ತೇನೆ.

ಹಳೆಯ ಗಾಡಿಯಾದರೆ, ಮುಂಗಡ ಕೊಡುವ ಮೊದಲು ಅದರ ನೆಲದ ಮೇಲೆ ಒಮ್ಮೆ ಕಾಲು ಚಾಚಿ ಮಲಗಿ, ಚಕ್ರದ ಮೇಲಿನ ಉಬ್ಬು ಎಲ್ಲಿ ತಾಗುತ್ತದೆಂದು ನೋಡಿ. ಒಳಾಂಗಣ ಬದಲಿಸುವ ಮುನ್ನ, ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ಯಾವ ಮಾರ್ಪಾಡಿಗೆ ಅವಕಾಶ ಕೊಡುತ್ತದೆಂದು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.