ಫಿಲ್ಟರ್ ಕಾಫಿಗೂ ಎಸ್ಪ್ರೆಸೊಗೂ ಒಂದೇ ಗ್ರೈಂಡರ್ ಸಾಕೇ?

ಇಷ್ಟು ದಿನ ಮಿಕ್ಸಿಯಲ್ಲೇ ಬೀಜ ಪುಡಿ ಮಾಡುತ್ತಿದ್ದ ನೀವು, ಫಿಲ್ಟರಿಗೂ, ಬಿಸಿನೀರನ್ನು ಒತ್ತಡದಿಂದ ಪುಡಿಯ ಮೂಲಕ ಹಾಯಿಸಿ ಗಟ್ಟಿ ಕಾಫಿ ಇಳಿಸುವ ಹೊಸ ಎಸ್ಪ್ರೆಸೊ ಯಂತ್ರಕ್ಕೂ ಒಂದೇ ಗ್ರೈಂಡರ್ ಸಾಲುತ್ತದೆಯೇ ಎಂದು ಕೇಳಿದ್ದೀರಿ. ಸಾಲುತ್ತದೆ, ಆದರೆ ಎಸ್ಪ್ರೆಸೊವನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಕೊಳ್ಳಿ.

ಮಿಕ್ಸಿಯ ಬ್ಲೇಡ್ ಬೀಜವನ್ನು ಕೊಚ್ಚುತ್ತದೆ. ಆ ಪುಡಿಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿ: ಹಿಟ್ಟಿನಂಥ ದೂಳೂ ಇರುತ್ತದೆ, ನುಚ್ಚೂ ಇರುತ್ತದೆ. ದೂಳು ಫಿಲ್ಟರಿನ ತೂತುಗಳಲ್ಲಿ ಕಟ್ಟಿಕೊಂಡು ಡಿಕಾಕ್ಷನ್ ಇಳಿಯುವುದಿಲ್ಲ. ನುಚ್ಚಿನ ಸಾರ ಒಳಗೇ ಉಳಿಯುತ್ತದೆ. ಬೀಸುವ ಕಲ್ಲಿನ ಹಾಗೆ ಹಲ್ಲುಗಳ ನಡುವೆ ಅರೆಯುವ ಬರ್ ಗ್ರೈಂಡರಿನಲ್ಲಿ ಈ ಕಾಟ ಬಹಳ ಕಡಿಮೆ.

ಫಿಲ್ಟರಿಗಾದರೆ ಕೈಯಲ್ಲಿ ತಿರುಗಿಸುವ ಸಾಧಾರಣ ಬರ್ ಗ್ರೈಂಡರ್ ಧಾರಾಳವಾಗಿ ಸಾಕು. ಎಸ್ಪ್ರೆಸೊ ಅಷ್ಟು ಸಲೀಸಲ್ಲ. ಸುಮಾರು 9 ಬಾರ್ ಒತ್ತಡದಲ್ಲಿ, 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 25–30 ಸೆಕೆಂಡಿನಲ್ಲಿ ಇಳಿಯಬೇಕು. ಪುಡಿ ಒಂದಿಷ್ಟು ತರಿಯಾದರೂ 15 ಸೆಕೆಂಡಿಗೇ ಸುರಿದುಹೋಗಿ ಹುಳಿ ಹುಳಿಯಾಗುತ್ತದೆ. ಆದ್ದರಿಂದ ಅರೆತದ ಹದವನ್ನು ಕೂದಲೆಳೆಯಷ್ಟು ಬದಲಿಸಲು ಬರುವ ಗ್ರೈಂಡರ್ ಬೇಕು. ದುಡ್ಡು ಹಾಕುವುದಿದ್ದರೆ ಇದಕ್ಕೇ ಹಾಕಿ. ಮೋಟಾರು ಇಲ್ಲದಿದ್ದರೂ ನಡೆಯುತ್ತದೆ.

ಚಿಕೋರಿಯನ್ನು ಮಾತ್ರ ಗ್ರೈಂಡರಿಗೆ ಹಾಕಬೇಡಿ. ಅದು ತೇವ ಎಳೆದುಕೊಂಡು ಹಲ್ಲುಗಳಿಗೆ ಅಂಟುತ್ತದೆ. ಬೀಜ ಪುಡಿಯಾದ ಮೇಲೆ ಬೆರೆಸಿ. ಹದ ಬದಲಿಸಿದಾಗಲೆಲ್ಲ ಮೊದಲ 2–3 ಗ್ರಾಂ ಬೇರೆ ತೆಗೆದಿಡಿ, ಅದರಲ್ಲಿ ಹಿಂದಿನ ಪುಡಿ ಸೇರಿರುತ್ತದೆ.