ಉತ್ತರದಲ್ಲಿ ‘ಐ’ ಬಂದರೆ ಅಳಿಸಬೇಡಿ

ಪ್ರಶ್ನೆ: ಎಕ್ಸ್³ − 3ಎಕ್ಸ್ + 1 = 0. ಇದರ ಗ್ರಾಫ್ ಎಕ್ಸ್ ಅಕ್ಷವನ್ನು ಮೂರು ಕಡೆ ದಾಟುತ್ತದೆ. ಆದರೆ ಸಿಂಪೈ ಎಂಬ ಉಚಿತ ಗಣಿತ ಸಾಫ್ಟ್‌ವೇರ್‌ನಲ್ಲಿ ‘ಸಾಲ್ವ್’ ಕೊಟ್ಟರೆ ಉದ್ದುದ್ದ ಘನಮೂಲಗಳು, ಅವುಗಳ ತುಂಬಾ ‘ಐ’ (ಅಂದರೆ −1ರ ವರ್ಗಮೂಲ). ‘ಐ ಇರುವ ಭಾಗ ಬಿಟ್ಟು ಉಳಿದದ್ದು ಬರೆಯಿರಿ’ ಎಂದು ಒಂದು ವಿಡಿಯೊದಲ್ಲಿ ಹೇಳಿದರು. ಸರಿಯೇ?

ಉತ್ತರ: ಖಂಡಿತ ತಪ್ಪು. ಈ ಪ್ರಶ್ನೆ ಎಷ್ಟು ಸಲ ಬಂದಿದೆಯೆಂದರೆ ಆ ವಿಡಿಯೊ ಮಾಡುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಅವರು ಹೇಳಿದ ಹಾಗೇ ಮಾಡಿ ನೋಡೋಣ. ಆ ಉದ್ದದ ಉತ್ತರವನ್ನು ಬಿಚ್ಚಿದರೆ ಒಳಗಿರುವುದು ಎರಡು ಘನಮೂಲಗಳ ಮೊತ್ತ. ಒಂದು (−1 + √3 ಐ)/2 ಇದರ ಘನಮೂಲ, ಇನ್ನೊಂದು (−1 − √3 ಐ)/2 ಇದರದ್ದು. ಐ ಅಳಿಸಿದರೆ ಎರಡೂ ಕಡೆ −1/2 ಉಳಿಯುತ್ತದೆ, ಅವುಗಳ ಘನಮೂಲಗಳ ಮೊತ್ತ ಸುಮಾರು −1.587. ಇದನ್ನು ಸಮೀಕರಣಕ್ಕೆ ಹಾಕಿ. ಸೊನ್ನೆ ಬರುವುದಿಲ್ಲ, 1.76 ಬರುತ್ತದೆ.

ಅಳಿಸದೆ ಲೆಕ್ಕ ಹಾಕಿ. ಮೊದಲನೆಯದು ಸುಮಾರು 0.766 + 0.643ಐ, ಎರಡನೆಯದು 0.766 − 0.643ಐ. ಕೂಡಿಸಿದರೆ ಐ ತಾನಾಗಿಯೇ ಹೋಗಿ 1.532 ಉಳಿಯುತ್ತದೆ. ಅದೇ ನಿಮ್ಮ ಗ್ರಾಫ್ ತೋರಿಸಿದ ಮೂರು ಮೂಲಗಳಲ್ಲಿ (ಸಮೀಕರಣದ ಉತ್ತರಗಳಲ್ಲಿ) ಒಂದು, ಅಲ್ವಾ? ಉಳಿದೆರಡು 0.347 ಮತ್ತು −1.879.

ಸಾಫ್ಟ್‌ವೇರ್‌ನ ತಪ್ಪೇನೂ ಇಲ್ಲ. ಘನ ಸಮೀಕರಣದ ಸಹಗುಣಕಗಳೆಲ್ಲ ಭಾಗಲಬ್ಧವಾಗಿದ್ದು (ಪೂರ್ಣಾಂಕ ಅಥವಾ ಭಿನ್ನರಾಶಿ), ಮೂರೂ ಮೂಲಗಳು ವಾಸ್ತವವಾಗಿದ್ದು (ಐ ಇಲ್ಲದ ಸಂಖ್ಯೆಗಳು), ಅವುಗಳಲ್ಲಿ ಒಂದೂ ಭಾಗಲಬ್ಧವಲ್ಲದಿದ್ದರೆ, ಬರೀ ವಾಸ್ತವ ಸಂಖ್ಯೆಗಳ ವರ್ಗಮೂಲ, ಘನಮೂಲಗಳಿಂದ ಆ ಉತ್ತರ ಬರೆಯಲು ಸಾಧ್ಯವೇ ಇಲ್ಲ. ಇದನ್ನು ಫ್ರಾನ್ಸ್‌ನ ಗಣಿತಜ್ಞ ವಾಂಟ್ಸೆಲ್ 1843ರಲ್ಲೇ ಸಾಧಿಸಿದ್ದಾರೆ. ಅದಕ್ಕೂ ಬಹಳ ಹಿಂದೆ, 1572ರಲ್ಲಿ, ಇಟಲಿಯ ಬೊಂಬೆಲ್ಲಿ ಇಂಥ ಕಡೆ ಐ ಇಟ್ಟುಕೊಂಡೇ ಲೆಕ್ಕ ಮಾಡಿ ಸರಿಯಾದ ಉತ್ತರ ತೆಗೆದು ತೋರಿಸಿದ್ದರು.

ಅಂಕಿ ಮಾತ್ರ ಸಾಕಾದರೆ ‘ಸಾಲ್ವ್’ ಬಿಟ್ಟು ‘ಎನ್‌ರೂಟ್ಸ್’ ಬಳಸಿ. ಸಾಲ್ವ್ ಕೊಟ್ಟದ್ದನ್ನೇ ದಶಮಾಂಶಕ್ಕೆ ತಿರುಗಿಸಿದಾಗ ಬಾಲದಲ್ಲಿ ಸೊನ್ನೆಯಷ್ಟೇ ಚಿಕ್ಕ ಐ ಉಳಿದರೆ ಅದು ಅಂದಾಜಿನ ಕಸ, ಅದೊಂದನ್ನು ಮಾತ್ರ ಬಿಡಬಹುದು. ಪೂರ್ತಿ ನಿಖರ ರೂಪವೇ ಬೇಕಿದ್ದರೆ 2 ಕಾಸ್ 40°, 2 ಕಾಸ್ 80°, 2 ಕಾಸ್ 160° ಎಂದು ಬರೆಯಿರಿ. ನೋಡಲೂ ಚೆಂದ. ಯಾವ ದಾರಿ ಹಿಡಿದರೂ ಉತ್ತರವನ್ನು ಸಮೀಕರಣಕ್ಕೆ ಹಾಕಿ ಪರೀಕ್ಷಿಸಿ. ಇಷ್ಟು ವರ್ಷವಾದರೂ ಹಾಗೆ ಮಾಡದೆ ನಾನು ಒಂದು ಮೂಲವನ್ನೂ ನಂಬುವುದಿಲ್ಲ.

ಪ್ರಶ್ನೆ: ಎಕ್ಸ್⁵ − ಎಕ್ಸ್ − 1 = 0 ಕೊಟ್ಟರೆ ಸೂತ್ರವೇ ಬರುವುದಿಲ್ಲ. ದುಡ್ಡು ಕೊಟ್ಟು ದೊಡ್ಡ ಸಾಫ್ಟ್‌ವೇರ್ ಕೊಳ್ಳಬೇಕೇ?

ಉತ್ತರ: ಸುಮ್ನೆ ದುಡ್ಡು ಹಾಳು. ಐದನೇ ಘಾತಕ್ಕೆ ಸಾಮಾನ್ಯ ಸೂತ್ರವಿಲ್ಲ ಎಂದು ನಾರ್ವೆಯ ಗಣಿತಜ್ಞ ಆಬೆಲ್ 1824ರಲ್ಲೇ ತೋರಿಸಿದರು, ಮತ್ತು ನಿಮ್ಮ ಈ ಸಮೀಕರಣದ ಮೂಲಗಳನ್ನು ಯಾವ ವರ್ಗಮೂಲ, ಘನಮೂಲ, ಐದನೇ ಮೂಲಗಳಿಂದಲೂ ಬರೆಯಲಾಗದು. ಇದರ ಒಂದೇ ವಾಸ್ತವ ಮೂಲ ಸುಮಾರು 1.1673.

ಪ್ರಶ್ನೆ: ಕಾಸ್ ಎಕ್ಸ್ = ಎಕ್ಸ್ ಬಿಡಿಸಲು ಹೋದರೆ ಎರರ್ ಬರುತ್ತದೆ.

ಉತ್ತರ: ‘ಎನ್‌ಸಾಲ್ವ್’ ಬಳಸಿ, ಶುರುವಿನ ಬೆಲೆ 1 ಕೊಡಿ, ರೇಡಿಯನ್‌ನಲ್ಲಿ 0.739085 ಸಿಗುತ್ತದೆ.

ಪ್ರಶ್ನೆ: ಸಿಂಪೈನಲ್ಲಿ ಸಮೀಕರಣದ ನಡುವೆ = ಹಾಕಿದರೆ ಬೈಯುತ್ತದೆ.

ಉತ್ತರ: ಎಲ್ಲವನ್ನೂ ಒಂದೇ ಕಡೆಗೆ ತಂದು ಕೊಡಿ, ಇಲ್ಲವೇ ‘ಈಕ್ಯೂ’ ಬಳಸಿ.